ಮೂರನೆಯ ಸಾರಿ

ಹಾಸನದ ನಮ್ಮ ದೇವಾಲಯದಲ್ಲಿ ಸುಗ್ಗಿ ಹಬ್ಬದ ಹರಾಜು
ಹದಿನಾರು ವರ್ಷದಿಂದ ಕೂಗುವವನು ನಾನೇ.
ಸುತ್ತಿಗೆ ಇಲ್ಲ. ಅಪ್ಪನ ಕಾಲದ ಹಿತ್ತಾಳೆ ಸೇರು ಇದೆ,
ಬೋರಲು ಹಿಡಿದು ಮೇಜಿಗೆ ಕುಟ್ಟುತ್ತೇನೆ:
ಒಂದು ಸಾರಿ. ಎರಡು ಸಾರಿ.
ಮೂರಕ್ಕೆ ಮುಂಚೆ ಒಂದು ಉಸಿರು ಬಿಡಬೇಕು,
ಹಿಂದಿನ ಬೆಂಚಿನವರು ಮನಸ್ಸು ಬದಲಿಸಲು ಅಷ್ಟು ಜಾಗ.
ನನಗೆ ಗೊತ್ತಿರುವ ವಿದ್ಯೆ ಇದೊಂದೇ.

ಹೋದ ವರ್ಷ ವೇದಿಯ ಮೆಟ್ಟಿಲ ಮೇಲೆ ಕಾಲಿಡಲು ಎಡೆಯಿರಲಿಲ್ಲ.
ಶಾಂತಿಗ್ರಾಮದ ಕಡೆಯ ಆಲೂಗಡ್ಡೆ, ಮೈಮೇಲಿನ ಮಣ್ಣಿನ ಸಮೇತ,
ಆಲೂರಿನ ಶುಂಠಿ, ರಾಗಿ ತೆನೆಯ ಕಂತೆ,
ಇಬ್ಬರು ಹೊತ್ತು ತಂದ ಒಂದು ಬೂದುಗುಂಬಳ.
ಹೊಲವಿಲ್ಲದವರೂ ಬರಿಗೈಲಿ ಬರುವುದಿಲ್ಲ:
ಟೈಲರ್ ಯೋಬಣ್ಣ ಎರಡು ದಿಂಬಿನ ಚೀಲ,
ಸಲೋಮಿ ಟೀಚರ್ ಒಂದು ಡಜನ್ ಕೆಂಪು ಪೆನ್ನು,
ತಿದ್ದಿ ತಿದ್ದಿ ನಾನು ಬೆಳೆದದ್ದು ಇಷ್ಟೇ ಎಂದು ನಕ್ಕರು.

ಆಸ್ಪತ್ರೆಯ ಆಯಾ ಕರುಣಾಮಣಿ ತಂದದ್ದು ಒಂದು ಕೆಂಪು ಹುಂಜ.
ಮರಿಯಿದ್ದಾಗಲೇ ಕಾಲಿಗೆ ಬಿಳಿ ದಾರ ಕಟ್ಟಿದ್ದಳು,
ಇದು ದೇವರದು ಅಂತ.
ರಾತ್ರಿ ಪಾಳಿ ಮುಗಿಸಿ ಬಂದು ನುಚ್ಚು ಹಾಕಿ ಸಾಕಿದ್ದಳು,
ಕಾಲು ದಪ್ಪವಾದಂತೆ ದಾರ ಬಿಚ್ಚಿ ಬಿಚ್ಚಿ ಕಟ್ಟಿದ್ದಳು.

ಅವತ್ತು ನನ್ನ ಅಳಿಯ ಬರುವವನಿದ್ದ.
ನಾಟಿ ಕೋಳಿ ಅಂದರೆ ಪ್ರಾಣ ಬಿಡುತ್ತಾನೆ.
ನಾನೂರಿಪ್ಪತ್ತಕ್ಕೆ ನನ್ನ ಹೆಸರಲ್ಲಿ ನಿಂತಿತ್ತು ಸವಾಲು.
ಕಂಬದ ಹಿಂದೆ ಯೆಶಾಯನ ಕೈ ಏಳುತ್ತಿತ್ತು.
ಎದೆಮಟ್ಟಕ್ಕೆ ಬಂದಿತ್ತು. ನೋಡಿದೆ.
ಉಸಿರು ಬಿಡಲಿಲ್ಲ.
ಎರಡುಸಾರಿಮೂರುಸಾರಿ ಎಂದು ಒಂದೇ ಪದ ಮಾಡಿ
ಸೇರು ಕುಟ್ಟಿದೆ.

ದುಡ್ಡು ಎಣಿಸಿ ಕೊಟ್ಟೆ. ರಸೀದಿ ಇದೆ.
ಲೆಕ್ಕದ ಪುಸ್ತಕಕ್ಕೆ ನನ್ನ ಮೇಲೆ ದೂರಿಲ್ಲ.

ಮನೆಯಲ್ಲಿ ಕತ್ತಿ ಮಸೆದು ಕಾಲು ಹಿಡಿದಾಗ
ಬೆರಳಿಗೆ ದಾರ ಸಿಕ್ಕಿತು.
ಅಳಿಯ ಅವತ್ತು ಬ್ರಾಯ್ಲರ್ ತಿಂದ.

ಹುಂಜ ನಮ್ಮ ಹಿತ್ತಲಲ್ಲೇ ಉಳಿಯಿತು.
ದಿನಾ ಬೆಳಗಿನ ನಾಲ್ಕೂವರೆಗೆ ಕೂಗುವುದು.
ಪೇತ್ರನಿಗೆ ಮಹಾಯಾಜಕನ ಅಂಗಳದಲ್ಲಿ
ಕೈ ಕಾಯಿಸಿಕೊಳ್ಳಲು ಬೆಂಕಿಯಾದರೂ ಇತ್ತು,
ನಾನು ರಗ್ಗನ್ನು ಮುಖದ ಮೇಲೆ ಎಳೆದುಕೊಳ್ಳುತ್ತಿದ್ದೆ.

ಅಯ್ಯನವರು ಪ್ರತಿ ಸುಗ್ಗಿಯ ಪ್ರಸಂಗದಲ್ಲೂ ಹೇಳುತ್ತಾರೆ:
ಮೊದಲ ಸಿವುಡು ದೇವರದು.
ಮಿಕ್ಕ ಸಿವುಡು ಯಾರದೆಂದು ನಾವೂ ಕೇಳುವುದಿಲ್ಲ.
ಕಂದಾಯದ ಹಾಗೆ, ಕಟ್ಟಿ ಕೈ ತೊಳೆದರೆ
ಉಳಿದದ್ದೆಲ್ಲ ನಮ್ಮದು ಎಂದುಕೊಂಡಿದ್ದೆ.
ದಾರದ ಒಂದು ತುದಿ ಕೋಳಿಯ ಕಾಲಲ್ಲಿ,
ಇನ್ನೊಂದನ್ನು ಅವಳು ಎಲ್ಲಿ ಕಟ್ಟಿದ್ದಳೋ,
ಅಕ್ಕಿ ಡಬ್ಬಕ್ಕೆ ಕೈ ಹಾಕಿದರೆ ಜಗ್ಗುತ್ತಿತ್ತು,
ಸಂಬಳದ ಕವರಿಗೆ ಹಾಕಿದರೂ ಜಗ್ಗುತ್ತಿತ್ತು,
ಮಲಗಿದ ಮೊಮ್ಮಗಳ ತಲೆ ಸವರಿದರೂ.

ಈ ವರ್ಷ ಅದನ್ನೇ ಕಂಕುಳಲ್ಲಿ ಅವಚಿಕೊಂಡು ಹೋದೆ.
ಹೋದ ವರ್ಷದ ಬೆಳೆ, ಯಾರೋ ನಕ್ಕರು.
ಕರುಣಾಮಣಿ ನಗಲಿಲ್ಲ. ಹತ್ತಿರ ಬಂದು
ದಾರ ಬಿಗಿಯಾಗಿದೆಯೋ ಎಂದು
ಕಿರುಬೆರಳು ತೂರಿಸಿ ನೋಡಿದಳು, ಅಷ್ಟೆ.

ನಾನು ತಂದದ್ದನ್ನು ನಾನೇ ಕೂಗಬಾರದು.
ಯೆಶಾಯನಿಗೆ ಹೇಳಿದೆ: ಅವತ್ತು ನಿನ್ನ ಕೈ ನೋಡಿದ್ದೆ.
ನೀನು ನೋಡಿದ್ದನ್ನು ನಾನೂ ನೋಡಿದ್ದೆ, ಅಂದ.
ಸೇರನ್ನು ಅವನ ಮಗ ನೆಹೆಮೀಯನ ಕೈಗಿಟ್ಟೆ,
ಹನ್ನೆರಡು ವರ್ಷ, ದನಿ ಇನ್ನೂ ಒಡೆದಿಲ್ಲ.

ಬೆಂಚಿನ ಮೇಲೆ ಕೂತೆ.
ಒಂದು ಸಾರಿ. ಎರಡು ಸಾರಿ.
ಹುಡುಗ ಉಸಿರು ಬಿಟ್ಟ. ಯಾರೂ ಕಲಿಸಿರಲಿಲ್ಲ.
ಉದ್ದದ ಉಸಿರು.

ಈಗ ಕೂಗುತ್ತದೆ ಎಂದು ತಲೆ ತಗ್ಗಿಸಿ ಕಾದೆ.
ಹುಂಜ ಕೂಗಲಿಲ್ಲ. ಕತ್ತು ಓರೆ ಮಾಡಿ
ಮೆಟ್ಟಿಲ ಮೇಲಿನ ರಾಗಿ ತೆನೆ ನೋಡುತ್ತಿತ್ತು.
ಅಷ್ಟು ಜಾಗದಲ್ಲಿ, ಕಂಬದ ಹಿಂದಿನಿಂದ,
ಒಂದು ಕೈ ಎದ್ದಿತು,
ಈ ಸಲ ಪೂರ್ತಿ.