ಮೂರನೆಯ ಬೋಲ್ಟು

ಎತೇರಿ ತಂದಿಳಿಸಿದ್ದು ಬಟ್ಟೆ ಒಗೆಯುವ ತೊಟ್ಟಿಯಲ್ಲಿ:
ಗಂಡನ ಹಳೇ ವೋಲ್ಗಾದ ಸಿಲಿಂಡರ್ ಹೆಡ್ಡು,
ನೀರಿನ ಪಂಪು, ಕ್ಲಚ್ಚಿನ ಗೂಡು,
ಉಪ್ಪಿನಕಾಯಿ ಜಾಡಿಯ ತುಂಬ ನಟ್ಟು.
ಎಲ್ಲದರ ಮೇಲೂ ಒಂದೇ ಬಣ್ಣ.
ಬಣ್ಣವೆನ್ನುವ ಹಾಗೂ ಇಲ್ಲ ಅದನ್ನು,
ನಲವತ್ತು ವರ್ಷದ ಕುತಾಯಿಸಿಯ ಬೀದಿ
ಎಣ್ಣೆಯಲ್ಲಿ ಕಲಸಿಕೊಂಡು ಹೆಪ್ಪುಗಟ್ಟಿದ್ದು.

"ಹೊಳೆಯಬೇಕಾಗಿಲ್ಲ" ಅಂದಳು, "ಓಡಿದರೆ ಸಾಕು."
"ಕೊಳೆ ಹೋಗದೆ ಬಿರುಕು ಕಾಣುವುದಿಲ್ಲ" ಅಂದ ಮುರ್ತಾಜ್,
ತೊಟ್ಟಿಯನ್ನು ಕಾಲಲ್ಲೇ ನನ್ನ ಕಡೆ ನೂಕಿದ.

ಮೊದಲು ಚಾಕು. ಅಲ್ಲ, ಚಾಕು ಬೇಡ, ಮರದ ಚಕ್ಕೆ;
ಈ ಲೋಹ ಮೆತ್ತಗೆ, ಗೀರಿದರೆ ಮರೆಯುವುದಿಲ್ಲ.
ಆಮೇಲೆ ಸೀಮೆಎಣ್ಣೆ, ಹಲ್ಲುಜ್ಜುವ ಬ್ರಷ್ಷು.
ಕಾಸ್ಟಿಕ್ ಸೋಡಾ ಸೋಕಿಸಕೂಡದು.
ಅದು ಗೊತ್ತಾದದ್ದು ನಾನು ಸೇರಿದ ಮೊದಲ ವಾರ:
ಇದೂ ಕಬ್ಬಿಣದ ಹಾಗೇ ಎಂದುಕೊಂಡು
ಥರ್ಮೋಸ್ಟಾಟಿನ ಮುಚ್ಚಳ ಅದ್ದಿಟ್ಟು ಊಟಕ್ಕೆ ಹೋದೆ.
ಬರುವಷ್ಟರಲ್ಲಿ ಬಕೆಟ್ಟು
ಹಾಲುಕ್ಕಿದ ಹಾಗೆ ಬುಸುಗುಡುತ್ತಿತ್ತು,
ಒಳಗೆ ಕರ್ರಗೆ, ಇಲಿ ತಿಂದ ಬಿಸ್ಕತ್ತಿನಂಥದೊಂದು.
ಮುರ್ತಾಜ್ ಬೈಯಲಿಲ್ಲ. ಮೊಳೆ ಹೊಡೆದು
ಕ್ಯಾಲೆಂಡರಿನ ಪಕ್ಕ ನೇತುಹಾಕಿದ. ಇವತ್ತಿಗೂ ಇದೆ.
ಬಂದವರಿಗೆಲ್ಲ ಪರಿಚಯ: "ಇದು ತ್ಸಿಯಾಲಾ ಮಾಡಿದ್ದು."

ಉಪಾಯ ಹೇಳಿಕೊಟ್ಟದ್ದು ಅಜ್ಜಿಯ ಪಾತ್ರೆ.
ಹುಳಿ ಪ್ಲಮ್ಮಿನ ಗೊಜ್ಜು ಕುದಿಸಿದ ದಿನ
ಅದರ ಒಳಮೈ ಬೆಳ್ಳಗಾಗುತ್ತಿತ್ತು
ಗೊಜ್ಜು ಏರಿದ ಗೆರೆಯವರೆಗೆ, ಅದರಾಚೆ ಬೂದು.
ಮನೆಯಲ್ಲಿ ಹುಳಿ ಹಿಂಡಬಾರದು,
ಗ್ಯಾರೇಜಿನಲ್ಲಿ ಹಿಂಡಬಹುದು:
ನಿಂಬೆ ಹುಳಿಯ ಪುಡಿ, ಬಿಸಿನೀರು,
ಹತ್ತು ನಿಮಿಷ. ಹನ್ನೊಂದಾಗಬಾರದು.
ಕೊನೆಗೆ, ಓಣಿಯ ಮನೆಮನೆಯಿಂದ ಬೇಡಿ ತಂದ
ಅಕ್ರೋಟಿನ ಚಿಪ್ಪು ಕುಟ್ಟಿ ಗಾಳಿಯಲ್ಲಿ ಊದಬೇಕು.
ಮರಳು ಕಚ್ಚುತ್ತದೆ, ಅಕ್ರೋಟು ನೆಕ್ಕುತ್ತದೆ.

ಮೂರನೆಯ ಸಂಜೆ ಕ್ಲಚ್ಚಿನ ಗೂಡಿನ ಪಕ್ಕೆಯಿಂದ
ಎರಕದ ಅಂಕಿಗಳು ಎದ್ದವು, ದಪ್ಪ ದಪ್ಪ,
ಅಚ್ಚಿನ ಮರಳು ಮೂಡಿಸಿದ ತರಿತರಿ ಚರ್ಮ.
ಅದರ ಕೆಳಗೆ ಬೇರೆ ಯಾರದೋ ಕೈ.
ಮೊಳೆಯಲ್ಲಿ ಗೀಚಿದ ದುಂಡಕ್ಷರ, ಸಾಲು ಓರೆ:
ಮೂರನೆಯ ಬೋಲ್ಟು. ಮೆಲ್ಲಗೆ. ತಿರುಪು ಸವೆದಿದೆ.

ಬ್ರಷ್ಷು ಕೆಳಗಿಟ್ಟೆ.
ಕಾರಿನವನಿಗೆ ಬರೆದದ್ದಲ್ಲ ಇದು,
ಅವನು ಗಾಡಿಯಡಿ ಯಾವತ್ತು ಮಲಗಿದ್ದ?
ಎಂದೋ ಒಂದು ದಿನ ಇದನ್ನು ಬಿಚ್ಚುವ ಕೈಗೆ.
ಹಾಗಾದರೆ ನನಗೇ. ಆಗ ನಾನು ಹುಟ್ಟಿರಲಿಲ್ಲವೇನೋ.

ಮುರ್ತಾಜ್ ಕನ್ನಡಕ ಹಣೆಗೇರಿಸಿ ಮೂಗು ತಾಗಿಸಿ ಓದಿದ.
"ಯಾವ ದಡ್ಡನ ಕೆಲಸ! ಬರೆಯುವ ಹೊತ್ತಿಗೆ
ಸರಿಮಾಡಬಹುದಿತ್ತು."
ಆದರೆ ಲೆಕ್ಕದ ಪುಸ್ತಕದಲ್ಲಿ
ಅವನು 'ಬಾಕಿ' ಎಂದು ಬರೆಯುವಾಗಲೂ
ಕೊನೆಯ ಅಕ್ಷರದ ಬಾಲ
ಹೀಗೇ ಚೇಳಿನ ಕೊಂಡಿಯಾಗಿ ಮೇಲೇಳುತ್ತದೆ.
ನಾನು ಏನೂ ಅನ್ನಲಿಲ್ಲ.

ಆ ರಾತ್ರಿ ಅವನ ಕಿಟಕಿಯಲ್ಲಿ ದೀಪವಿತ್ತು.
ಬೆಳಿಗ್ಗೆ ಮೂರನೆಯ ತೂತಿಗೆ ಹೊಸ ತಿರುಪಿನ ಬಳೆ ಕೂತಿತ್ತು,
ನೆಲದ ಮೇಲೆ ಬೆಳ್ಳಿ ಬೆಳ್ಳಿ ಸುರುಳಿ ತರಚು.
ಕೈಗೆ ಉಜ್ಜುಕಾಗದ ಕೊಟ್ಟ: "ಇನ್ನು ಆ ಬರಹ ಸುಳ್ಳು.
ಒರೆಸಿಹಾಕು."

ಉಜ್ಜಿದೆ. ಸುತ್ತಲೂ ಉಜ್ಜಿದೆ.
ಹೊಳೆದ ಜಾಗಕ್ಕೆ ಮರುಗಳಿಗೆಯಲ್ಲೇ
ಗಾಳಿ ಒಂದು ಪೊರೆ ಹೊದಿಸುತ್ತದಂತೆ,
ಕಣ್ಣಿಗೆ ಕಾಣದ್ದು, ಅದೇ ಇದರ ಕವಚವಂತೆ.
ಈ ಲೋಹವನ್ನು ಬರಿಮೈಯಲ್ಲಿ ನಾವು ಕಂಡೇ ಇಲ್ಲ.
ಕಾಗದ ಸವೆಯಿತು. ಹೊಸದು ಕೇಳಲಿಲ್ಲ ನಾನು,
ಅವನೂ ಕೊಡಲಿಲ್ಲ.

ಶನಿವಾರ ಎತೇರಿ ಬಂದಳು, ಅರ್ಧ ಹಣ, ಒಂದು ಬಾಟಲಿ ಗೊಜ್ಜು.
ಗೂಡಿನ ಮೇಲೆ ಬೆರಳಾಡಿಸಿದಳು:
"ಇಲ್ಲೇನೋ ಬರೆದಿದೆಯಲ್ಲ?"
"ಫ್ಯಾಕ್ಟರಿಯದು" ಅಂದ ಮುರ್ತಾಜ್,
ರಿಯೋನಿ ನದಿಯ ಕಡೆ ನೋಡುತ್ತ.

ನಾನು ಗಾಡಿಯ ಅಡಿಯಲ್ಲಿದ್ದೆ.
ಮೊದಲನೆಯದು ಬಿಗಿಸಿದೆ, ಎರಡನೆಯದು ಬಿಗಿಸಿದೆ.
ಮೂರನೆಯದು
ಮೆಲ್ಲಗೆ.