ಮೂರನೆಯ ಸೀನು

ಟಾರ್ಟುವಿನ ನಮ್ಮ ಬೀಜ ಪರೀಕ್ಷೆಯ ಕೋಣೆಯಲ್ಲಿ
ಚಳಿಗಾಲವಿರಲಿ, ಜುಲೈನಲ್ಲೂ ಕಿಟಕಿ ತೆರೆಯುವುದಿಲ್ಲ.
ಗಸಗಸೆಗೆ ಗಾಳಿಯ ನೆಪ ಸಾಕು, ಊರು ಬಿಟ್ಟು ಹೊರಡುತ್ತದೆ.
ಬಿಳಿ ಹಾಳೆ, ಚಿಮ್ಮಟ, ಮೇಜಿನ ದೀಪ,
ನಾಲ್ಕು ಹೆಂಗಸರು, ತಲಾ ನಾನೂರು ಕಾಳು.
ಉಸಿರನ್ನೂ ಪಕ್ಕಕ್ಕೆ ತಿರುಗಿ ಬಿಡುವವರು ನಾವು.

ಅಲ್ಲಿಗೆ ಸೋಮವಾರ ಊರ್ವೆ ಬಂದಳು
ಕೊರಳಿಗೆ ಎರಡು ಸುತ್ತು ಉಣ್ಣೆ ಸುತ್ತಿ,
ಮೂಗಿನ ತುದಿ ಬೀಟ್‌ರೂಟು,
ಕೋಟಿನ ಎರಡೂ ಜೇಬು ಕರವಸ್ತ್ರಗಳಿಂದ ಉಬ್ಬಿ.
"ಬರೀ ನೆಗಡಿ" ಅಂದಳು.
ಯಾರೂ ಕೇಳಿರಲಿಲ್ಲ.

ಮೊದಲ ಸೀನಿಗೆ ಮೂರೂ ಮೇಜಿನಿಂದ
"ಆರೋಗ್ಯಕ್ಕೆ!" ಎಂಬ ಹಾರೈಕೆ.
ಎರಡನೆಯದಕ್ಕೆ ಹೆಲ್ವೆ ಒಬ್ಬಳೇ, ಅದೂ ಅರ್ಧ,
ಎಣಿಕೆ ತಪ್ಪದ ಹಾಗೆ, ತುಟಿಯಂಚಿನಲ್ಲಿ.
ಮೂರನೆಯದಕ್ಕೆ
ಚಿಮ್ಮಟಗಳ ಸದ್ದು.
ಇದನ್ನು ಯಾರೂ ಬರೆದಿಟ್ಟಿಲ್ಲ. ಗೋಡೆಯ ಮೇಲಿರುವುದು
ಕೈ ತೊಳೆಯುವ ಚಿತ್ರ, ಬೆಂಕಿ ಬಿದ್ದರೆ ಓಡುವ ದಾರಿ.

ನಾನು ಮೇಜನ್ನು ಒಂದು ಗೇಣು ಸರಿಸಿದೆ,
ದೀಪದ ತಂತಿ ಬಿಗಿಯಾಗಿದೆ ಅಂದೆ.
ಅವಳು ಮುಟ್ಟಿದ ಬಾಗಿಲನ್ನು ಮೊಣಕೈಯಿಂದ ತಳ್ಳಿದೆ.
ಸಕ್ಕರೆ ಡಬ್ಬಿಯ ಚಮಚ ತೊಳೆದೆ, ಒರೆಸಿ ಮತ್ತೆ ತೊಳೆದೆ.
ಮನಸ್ಸಿನಲ್ಲೇ ಜಗಳ ಶುರುವಾಗಿತ್ತು:
ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳಲಾಗದು, ಒಪ್ಪಿದೆ.
ಆದರೆ ಆ ಮೂಗನ್ನು ಎರಡು ದಿನ
ದಿಂಬಿನ ಮೇಲೆ ಇಟ್ಟುಕೊಳ್ಳಬಾರದೇ ಮಹಾರಾಯ್ತಿ?
ಇಲ್ಲಿಗೇ ತರಬೇಕೇ, ಮುಚ್ಚಿದ ಕಿಟಕಿಯ ಒಳಗೆ,
ನಾಲ್ಕು ಜನಕ್ಕೆ ಒಂದೇ ಗಾಳಿ ಇರುವಲ್ಲಿಗೆ?

ನಾಲ್ಕನೆಯದು ದೊಡ್ಡದು.
ತೋಳಿನೊಳಗೆ ಮುಖ ಹುದುಗಿಸಿಯೇ ಸೀನಿದಳು, ಸುಳ್ಳು ಹೇಳಬಾರದು.
ಆದರೂ ನನ್ನ ಹಾಳೆಯ ಮುನ್ನೂರ ಎಂಬತ್ತೇಳು ಗಸಗಸೆ
ಒಮ್ಮೆ ಮೈ ಕೊಡವಿ ಎದ್ದು
ಹೆಲ್ವೆಯ ಸ್ವೆಟರಿಗೆ, ನೆಲದ ಸಂದಿಗೆ,
ಏನಾಯಿತೆಂದು ಇಣುಕಿದ ಆರ್ನೆ ಸಾಹೇಬರ ಟೀ ಲೋಟಕ್ಕೆ.
ಆರ್ನೆ ಲೋಟ ನೋಡಿಕೊಂಡರು,
ಊರ್ವೆಯನ್ನು ನೋಡಿದರು,
ಬಾಗಿಲು ಮೆಲ್ಲಗೆ ಎಳೆದುಕೊಂಡು ಹೋದರು.
ಅಧಿಕಾರಿಗಳ ಮರ್ಯಾದೆ ಅಷ್ಟೇ.

ಊರ್ವೆ ನೆಲಕ್ಕೆ ಮೊಣಕಾಲೂರಿ
ಒದ್ದೆ ಬೆರಳಿಗೆ ಒಂದೊಂದೇ ಕಾಳು ಅಂಟಿಸಿಕೊಳ್ಳುತ್ತ,
ಮೂಗು ಕಟ್ಟಿದ ದನಿಯಲ್ಲಿ, ನೆಲಕ್ಕೇ ಹೇಳುವಂತೆ ಹೇಳಿದಳು:
"ಹೋದ ಫೆಬ್ರವರಿ ಮೂರು ದಿನ ಮಲಗಿದ್ದೆ.
ತಿರುಗಿ ಬಂದಾಗ ನನ್ನ ಕುರ್ಚಿ ತುಂಬ ನಿಮ್ಮ ಕೋಟುಗಳು.
'ಹೌದಾ, ನೀನು ಇರಲಿಲ್ಲವಾ?' ಅಂದರು ಯಾರೋ.
ಯಾರು ಅಂತ ನೆನಪಿಲ್ಲ."

ನನಗೆ ನೆನಪಿತ್ತು.

ಬಗ್ಗಿ ನಾನೂ ಹುಡುಕಿದೆ. ಸಿಕ್ಕಿದ್ದು ಇನ್ನೂರರ ಆಸುಪಾಸು.
ಉಳಿದವು ಆ ಸಂದಿಯಲ್ಲೇ ಇರಬೇಕು, ಇಂದಿಗೂ.
ನೀರು ಬಿದ್ದರೆ ಮೊಳೆತಾವು.

ಶುಕ್ರವಾರ. ಹತ್ತೂಕಾಲು.
ನನ್ನ ಮೂಗಿನೊಳಗೆ ಯಾರೋ ಹುಲ್ಲಿನೆಳೆ ಆಡಿಸಿದಂತೆ.
ಹಲ್ಲು ಕಚ್ಚಿದೆ, ನಾಲಿಗೆ ಅಂಗಳಕ್ಕೊತ್ತಿದೆ,
ಕಣ್ಣಲ್ಲಿ ನೀರು, ಕಿವಿಯಲ್ಲಿ ಪಟ್ಟೆಂದಿತು.
"ಧೂಳು" ಅಂದೆ.
ಯಾರೂ ಕೇಳಿರಲಿಲ್ಲ.

ಊರ್ವೆ ತಲೆಯೆತ್ತದೆ, ಸೀನದ ಆ ಸೀನಿಗೆ
"ಆರೋಗ್ಯಕ್ಕೆ" ಅಂದಳು.
ಎರಡನೆಯದನ್ನು ತಡೆಯಲಾಗಲಿಲ್ಲ, ಅದಕ್ಕೂ ಅಂದಳು.
ಮೂರನೆಯದಕ್ಕೆ ಕೋಣೆ ಎಂದಿನಂತೆ ಸುಮ್ಮನಾಯಿತು.
ಚಿಮ್ಮಟ ಕೆಳಗಿಟ್ಟು, ಒಂದು ಕ್ಷಣ ಕಾದು,
ಮತ್ತೆ ಅವಳೇ ಅಂದಳು, ಪೂರ್ತಿಯಾಗಿ, ಅಕ್ಷರ ನುಂಗದೆ.
"ಮನೆಗೆ ಹೋಗು. ಕುರ್ಚಿ ನಾನು ನೋಡ್ಕೋತೀನಿ."

ಎದ್ದೆ ಅನ್ನಬೇಕು, ಎದ್ದಿಲ್ಲ.
ಇದೊಂದು ಹಾಳೆ ಮುಗಿಯಲಿ ಎಂದು ಕೂತೆ,
ಕಣ್ಣೊರೆಸಿಕೊಂಡು ದೀಪ ಹತ್ತಿರಕ್ಕೆಳೆದೆ.
ಎಷ್ಟಾಗಿತ್ತು, ಇನ್ನೂರ ಹನ್ನೊಂದೋ ಹದಿನೆಂಟೋ?
ಒಂದು.
ಎರಡು.