ನಲವತ್ತು ಗ್ರಾಂ

ಬೊರಿವಲಿ ಕಡೆಯ ಜೆಟ್ಟಿಯಿಂದ ಆರೂವರೆಯ ಫೆರಿ.
ಮಡಿಲಲ್ಲಿ ತಕ್ಕಡಿ, ಹಳೇ ಪಂಚೆಯಲ್ಲಿ ಸುತ್ತಿ
ಬಾಣಂತಿ ಮನೆಯ ಕೂಸಿನ ಹಾಗೆ.
ಪಕ್ಕದಲ್ಲಿ ಒಂದು ಸ್ಕೂಟರು, ಅದರ ಬೆನ್ನಿಗೆ ಪಾವಿನ ಬುಟ್ಟಿ.
"ಏನು ಅಂಕಲ್, ಚಿನ್ನವಾ?" ಟಿಕೆಟಿನ ಹುಡುಗ.
ಮೀನು, ಅಂದೆ.
ಪಂಚೆ ಸರಿಸಿ ನೋಡಿ, ಏನೂ ಇಲ್ಲದ್ದಕ್ಕೆ ನಕ್ಕ.

ಮೂವತ್ತೊಂದು ವರ್ಷ ದಾದರಿನ ಅಂಚೆ ಕಚೇರಿಯಲ್ಲಿ
ಪಾರ್ಸೆಲ್ ತೂಗಿದವನು ನಾನು.
ಉಪ್ಪಿನಕಾಯಿ, ಮದುವೆ ಸೀರೆ, ಒಮ್ಮೆ ಯಾರದೋ ಹಲ್ಲಿನ ಸೆಟ್ಟು.
ಮುಳ್ಳು ನಿಂತಲ್ಲಿ ನನ್ನ ಮಾತೂ ನಿಲ್ಲುತ್ತಿತ್ತು.
ಅದಕ್ಕೇ ಕ್ಲಬ್ಬಿನವರು ನನಗೆ ಗಾಳ ಕೊಡಲಿಲ್ಲ,
ಪುಸ್ತಕ ಕೊಟ್ಟರು, ದಾರ ಕಟ್ಟಿದ ಪೆನ್ಸಿಲು ಕೊಟ್ಟರು.
"ಕುಂದರ್, ನೀನು ಬರಿ."

ಗೊರಾಯಿಯಲ್ಲಿ ಒಂದು ಮಗ್ಗುಲು ಪೂರಾ ಸಮುದ್ರ.
ಇವರೋ, ಅದಕ್ಕೆ ಬೆನ್ನು ಹಾಕಿ
ಎಮ್ಮೆ ಮೈ ತೊಳೆಯುವ ಕೆರೆಗೆ ಮುಖ ಮಾಡಿ ಕೂರುತ್ತಾರೆ.
ಹಿಡಿ, ತೂಗು, ಬಿಡು. ಇಷ್ಟೇ ನಿಯಮ.
ನನ್ನಜ್ಜ ಮಲ್ಪೆಯಲ್ಲಿ ರಂಪಣಿ ಎಳೆದವನು,
ಕೇಳಿದ್ದರೆ ಹೊಟ್ಟೆ ಹಿಡಿದು ನಗುತ್ತಿದ್ದ,
ಆಮೇಲೆ ಸಿಟ್ಟಾಗುತ್ತಿದ್ದ:
ಹಿಡಿದು ಬಿಡುವುದಕ್ಕೆ ಮೀನೇನು ಉಸಿರಾ ಮಾರಾಯ?

ಚೀಟಿ ಎತ್ತಿ ಜಾಗ ಹಂಚಿದ್ದಾಯಿತು.
ಹನ್ನೊಂದು ಜನ, ಹನ್ನೊಂದು ಗುಟ್ಟಿನ ಹಿಟ್ಟು.
ಪಾಸ್ಕಲ್ ಮುರ್ಜೆಲ್ಲೋನದು ಹುರಿಗಡಲೆ, ಸೋಂಪು, ಹಳಸಿದ ಪಾವು;
ತುಂಗೇಕರನ ಉಂಡೆ ಇಂಗು ನಾರುತ್ತದೆ, ಗಾಳಿಗೂ ಗೊತ್ತು;
ಸುಲಭಾ ವರ್ತಕ್ ಏನು ಕಲಸುತ್ತಾರೆಂದು ಗಂಡನಿಗೂ ಹೇಳಿಲ್ಲ,
ಆತ ಪಕ್ಕದಲ್ಲೇ ಕೂತು ಮೂಗರಳಿಸುತ್ತಾನೆ.
ಕೊನೆಯ ಜಾಗ, ಬರೀ ಬಿಸಿಲಿನದು, ಕೌಸ್ತುಭ ಕೇಣಿಗೆ ಬಂತು.
ಹನ್ನೆರಡು ವರ್ಷ. ಬಿದಿರಿನ ಕೋಲು.
ತಿನ್ನಲೆಂದು ತಂದ ಚಪಾತಿಯನ್ನೇ ಹರಿದು ಉಂಡೆ ಮಾಡಿದ.

ಒಂಬತ್ತೂ ಹತ್ತಕ್ಕೆ ಮುರ್ಜೆಲ್ಲೋನ ಬೆಂಡು
ಒಮ್ಮೆ ತಲೆ ಆಡಿಸಿ, ಇಲ್ಲವಾಯಿತು.
ಗೆಂಡೆ. ಮೇಲ್ದುಟಿ ಹರಿದದ್ದು,
ಎಡಪಕ್ಕೆಯಲ್ಲಿ ಒಂದು ಹುರುಪೆ ಇಲ್ಲ,
ಹೆಂಚು ಜಾರಿದ ಮಾಡಿನ ಹಾಗೆ ಅಲ್ಲಿ ಮಾತ್ರ ಕಪ್ಪು.
ಮೂರು ಕಿಲೋ ಇನ್ನೂರ ಅರವತ್ತು. ಬರೆದೆ.
ಎರಡೂ ಅಂಗೈಯಲ್ಲಿ ನೀರಿಗಿಟ್ಟ. ಹೋಯಿತು.

ಆಮೇಲೆ ಏನೂ ಇಲ್ಲ.
ಚರ್ಚಿನ ಗಂಟೆ, ಚಹಾ, ತುಂಗೇಕರನ ಮಂಡಿನೋವು,
ಬೆಂಡಿನ ತುದಿಗೆ ಕೊಡತಿ ಕೂತದ್ದಕ್ಕೆ
ಅರ್ಧ ತಾಸು ವಾದ.

ಹನ್ನೆರಡೂ ಐವತ್ತು: ಹುಡುಗನ ಬಿದಿರು ಬಿಲ್ಲಾಯಿತು.
ಸುಲಭಾಬಾಯಿ ಅವನ ಅಂಗಿ ಹಿಡಿದರು,
ಗಂಡ ಸುಲಭಾಬಾಯಿಯ ಕೈ ಹಿಡಿದ.
ಎತ್ತಿ ತಂದು ತಕ್ಕಡಿಗೆ ಹಾಕಿದಾಗ
ನಾನು ಮುಳ್ಳು ನೋಡಲಿಲ್ಲ, ತುಟಿ ನೋಡಿದೆ.
ಅದೇ ಹರಕು. ಅದೇ ಬೀಳು ಹೆಂಚು.

ಮೂರು ಕಿಲೋ ಮುನ್ನೂರು.

ನಲವತ್ತು ಗ್ರಾಂ ಹೆಚ್ಚು!
ಬೆಳಗಿನಿಂದ ಕೆರೆಯ ಸುತ್ತ ಉಂಡು ಬಂದಿದೆ ಕಳ್ಳ ಮುಂಡೇದು:
ಒಂದಷ್ಟು ಹುರಿಗಡಲೆ, ಒಂದಷ್ಟು ಇಂಗು,
ಗಂಡನಿಗೂ ಹೇಳದ್ದು ಒಂದಷ್ಟು,
ಕೊನೆಗೆ ಚಪಾತಿ.
ಆ ನಲವತ್ತು ಗ್ರಾಂ ಯಾರ ಖಾತೆಗೆ?
ಅಂಚೆಯ ನಿಯಮದಲ್ಲಿ ಇದಕ್ಕೆ ಉತ್ತರವಿಲ್ಲ.

ಮುರ್ಜೆಲ್ಲೋ ಬಗ್ಗಿ ನೋಡಿದ, ತುಸು ಹೊತ್ತೇ ನೋಡಿದ.
ಕನ್ನಡಕ ತೆಗೆದ, ಅಂಗಿಯ ಚುಂಗಿಗೆ ಒರೆಸಿದ,
ಹಾಕಿಕೊಳ್ಳಲಿಲ್ಲ.
"ಬರಿ, ಕುಂದರ್, ಬರಿ," ಅಂದ.
ಚಪ್ಪಾಳೆ ಮೊದಲು ಅವನದೇ.

ಬರೆದೆ. ಮುಳ್ಳು ನಿಂತದ್ದು ನಿಜ ತಾನೆ.

ಸಂಜೆ ಫೆರಿಯಲ್ಲಿ ಅದೇ ತಕ್ಕಡಿ, ಅದೇ ಮಡಿಲು,
ಪಂಚೆಗೆ ಮಾತ್ರ ಕೆರೆಯ ವಾಸನೆ.
ವಿಳಾಸ ತಪ್ಪಿ ತಿರುಗಿ ಬಂದ ಪಾರ್ಸೆಲ್ಲು
ಎಷ್ಟು ನೋಡಿಲ್ಲ ನಾನು.
ದಾರಿಯಲ್ಲಿ ಉಂಡು ತೂಕ ಹೆಚ್ಚಿಸಿಕೊಂಡು ಬಂದದ್ದು ಇದೊಂದೇ.

"ಸಿಕ್ಕಿತಾ ಅಂಕಲ್?" ಬೆಳಗಿನ ಹುಡುಗನೇ.
ಎರಡು ಸಲ, ಅಂದೆ.
ಅವನು ಟಿಕೆಟು ಹರಿದು ಕೊಟ್ಟು ಮುಂದಿನವರ ಕಡೆ ಹೋದ.